ಇದರಾಗ ಬೈಚಪ್ಪ ಎಲ್ಲಿ?

ಪ್ರಶ್ನೆ: ಸರ್, ನಾನು ಗಂಗಾವತಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವಕ್ಕೆ ಗ್ರೀಕ್ ಕವಿ ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದ ಎರಡು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸಬೇಕೆಂದಿದ್ದೇವೆ. ಸಿಕ್ಕಿರುವುದು ಅರ್ಧ ಗಂಟೆ. ಕುದುರೆಗಳು ಬೆದರಿ ನಾಯಕನನ್ನು ಎಳೆದುಕೊಂಡು ಹೋಗುವ ದೃಶ್ಯವೇ ಬೇಕೆಂದು ಹುಡುಗರ ಹಟ. ಓದಿ ನೋಡಿದರೆ ಅದು ರಂಗದ ಮೇಲೆ ನಡೆಯುವುದೇ ಇಲ್ಲ, ಯಾರೋ ಒಬ್ಬ ಆಳು ಬಂದು ಉದ್ದಕ್ಕೆ ವರದಿ ಒಪ್ಪಿಸುತ್ತಾನೆ. ಇಂಥ ದುರಂತ ನಾಟಕಗಳಲ್ಲಿ ಮುಖ್ಯ ದೃಶ್ಯ ಯಾವುದೆಂದು ಗುರುತು ಹಿಡಿಯುವುದು ಹೇಗೆ? ಇನ್ನೊಂದು ಮಾತು. ಮನೆಯಲ್ಲಿ ಈ ಕಥೆ ಹೇಳಿದಾಗ ನಮ್ಮಜ್ಜ, ‘ಇದು ನಮ್ ಕುಮಾರರಾಮನ ಕತಿನ ಐತಲ್ಲವಾ, ಇದರಾಗ ಬೈಚಪ್ಪ ಎಲ್ಲಿ ಅದಾನ?’ ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ: ಮೊದಲು ಅಜ್ಜನವರಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ವರ್ಷ ಬಳ್ಳಾರಿಯಲ್ಲಿ ಪಾಠ ಮಾಡಿ, ಸುತ್ತಲಿನ ಊರುಗಳ ಹುಡುಗರಿಗೆ ನಾಟಕದ ತಾಲೀಮು ಕೊಟ್ಟು, ನಾನು ತಡವರಿಸಿ ತಡವರಿಸಿ ಕಂಡುಕೊಂಡದ್ದನ್ನು ಅವರು ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದಾರೆ. ನಿಮ್ಮ ಪ್ರಶ್ನೆಗೂ ಅವರ ಪ್ರಶ್ನೆಯೊಳಗೇ ಉತ್ತರ ಇದೆ.

ಗಂಗಾವತಿ ತಾಲೂಕಿನ ಕುಮ್ಮಟದುರ್ಗ ನಿಮಗೆ ಕೂಗಳತೆ. ಕಂಪಿಲರಾಯ, ಅವನ ಮಗ ರಾಮನಾಥ ಅಂದರೆ ಕುಮಾರರಾಮ, ಕಿರಿಯ ರಾಣಿ ರತ್ನಾಜಿ. ಚೆಂಡಾಡುವಾಗ ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನ ಮೇಲೆ ಮಲತಾಯಿ ಮನಸ್ಸು ಮಾಡುತ್ತಾಳೆ. ‘ನೀ ನನ್ನ ತಾಯಿ’ ಎಂದು ಅವನು ಕೈಮುಗಿದು ಹೊರಬರುತ್ತಾನೆ. ಅವಳು ದೂರು ತಿರುಗಿಸಿ ಹೇಳುತ್ತಾಳೆ. ಕಂಪಿಲರಾಯ ಮುಂದು ಹಿಂದು ನೋಡದೆ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆ ತಂದು ತೋರಿಸುತ್ತಾನೆ. 16ನೆಯ ಶತಮಾನದಲ್ಲಿ ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಆಟದವರು, ಹಾಡುವವರು ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತ ಬಂದಿದ್ದಾರೆ. ಚರಿತ್ರೆಯ ಲೆಕ್ಕದಲ್ಲಿ ಕಂಪಿಲ ರಾಜ್ಯ ದೆಹಲಿಯ ತುಘಲಕನ ಸೈನ್ಯಕ್ಕೆ ಬಿದ್ದದ್ದು 1327ರ ಸುಮಾರಿಗೆ.

ಯೂರಿಪಿಡೀಸನ ನಾಟಕ ಅಥೆನ್ಸಿನಲ್ಲಿ ಆಡಿದ್ದು ಕ್ರಿ.ಪೂ. 428ರಲ್ಲಿ, ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂತು. ಎರಡರ ನಡುವೆ ಸಮುದ್ರವಿದೆ, ಸಾವಿರದ ಏಳುನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಆದರೂ ಮಲತಾಯಿ, ಮಗ, ಅವಸರದ ಅಪ್ಪ, ಸುಳ್ಳು ದೂರು ಎಲ್ಲ ಅವೇ. ಅಜ್ಜ ಹಿಡಿದದ್ದು ಸರಿ. ಅವರು ಹಿಡಿದ ವ್ಯತ್ಯಾಸ ಅದಕ್ಕಿಂತ ಸರಿ: ಗ್ರೀಕ್ ನಾಟಕದಲ್ಲಿ ಬೈಚಪ್ಪ ಇಲ್ಲ.

ಸ್ವಲ್ಪ ನಿಧಾನಿಸಿ ಹೇಳುತ್ತೇನೆ. ಬೈಚಪ್ಪ ಕಥೆಯಲ್ಲಿ ಮಾಡುವ ಕೆಲಸ ಏನು? ಅರಸನ ಮಾತಿಗೂ ಕತ್ತಿಯ ಏಟಿಗೂ ನಡುವೆ ನಿಲ್ಲುತ್ತಾನೆ. ಅವನು ನಿಂತ ಜಾಗದಲ್ಲಿ ಒಂದು ಬಾಗಿಲು ತೆರೆದಿರುತ್ತದೆ, ಅದರೊಳಗಿಂದ ರಾಮ ಬದುಕಿ ಆಚೆ ಬರುತ್ತಾನೆ. ದುರಂತ ನಾಟಕವನ್ನು ಓದುವಾಗ ನಾನು ಹುಡುಕುವುದು ಇಂಥ ಬಾಗಿಲನ್ನೇ. ಅದು ತೆರೆದಿತ್ತೇ, ಯಾವ ಗಳಿಗೆಯಲ್ಲಿ ಮುಚ್ಚಿತು, ಮುಚ್ಚುವಾಗ ಅಲ್ಲಿ ಯಾರು ನಿಂತಿದ್ದರು, ಅವರಲ್ಲಿ ಯಾರಿಗೆ ನಿಜ ಗೊತ್ತಿತ್ತು. ಆ ಗಳಿಗೆ ಇರುವ ದೃಶ್ಯವೇ ಮುಖ್ಯ ದೃಶ್ಯ. ಸಾವು ಅದರ ಬಡ್ಡಿ, ಅಸಲು ಇಲ್ಲೇ ಇರುತ್ತದೆ.

ಹಿಪ್ಪೊಲಿಟಸ್‌ನಲ್ಲಿ ಅದನ್ನು ಹುಡುಕೋಣ. ನಾಟಕ ಶುರುವಾಗುವುದೇ ಪ್ರೇಮದೇವತೆ ಅಫ್ರೊಡೈಟಿ ಬಂದು ಮುಂದೆ ಏನಾಗುತ್ತದೆ ಎಂದು ಪೂರ್ತಿ ಹೇಳಿಬಿಡುವುದರಿಂದ. ಅಂದಮೇಲೆ ‘ಮುಂದೇನು’ ಎನ್ನುವ ಕುತೂಹಲದ ಮೇಲೆ ಕವಿ ಅಂಗಡಿ ತೆರೆದಿಲ್ಲ. ನಮ್ಮ ಬಯಲಾಟದ ಜನಕ್ಕೂ ಹಾಗೇ ಅಲ್ಲವೇ? ಕಥೆ ಗೊತ್ತಿದ್ದೇ ಬೆಳತನಕ ಕೂರುತ್ತಾರೆ.

ಥೀಸಿಯಸ್ ದೊರೆಯ ಹೆಂಡತಿ ಫೀಡ್ರಾ ಮಲಮಗ ಹಿಪ್ಪೊಲಿಟಸ್ ಮೇಲೆ ಮನಸ್ಸಾದ ಬೇನೆಯನ್ನು ಯಾರಿಗೂ ಹೇಳದೆ ಅನ್ನ ಬಿಟ್ಟು ಮಲಗಿದ್ದಾಳೆ. ಸಾಕಿದ ದಾದಿ ಕಾಡಿ ಬೇಡಿ ಹೊರಡಿಸುತ್ತಾಳೆ. ಆಮೇಲೆ ಆ ದಾದಿಯೇ ಹಿಪ್ಪೊಲಿಟಸ್‌ನಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲು ಆಣೆ ಮಾಡಿಸಿಕೊಂಡು ವಿಷಯ ತಿಳಿಸುತ್ತಾಳೆ. ಒಳಗೆ ಅವನು ಕೂಗಾಡುತ್ತಾನೆ, ಹೊರಗೆ ಫೀಡ್ರಾ ಬಾಗಿಲಿಗೆ ಕಿವಿಗೊಟ್ಟು ಒಂದೊಂದೇ ಮಾತು ಕೇಳಿಸಿಕೊಳ್ಳುತ್ತಾಳೆ. ಎಂಥ ಸೀನು ಅದು! ಈ ನಾಟಕದಲ್ಲಿ ಮಲತಾಯಿ ಮಗ ಇಬ್ಬರೂ ಮುಖಾಮುಖಿ ಒಂದೇ ಒಂದು ಮಾತಾಡುವುದಿಲ್ಲ ಎಂಬುದನ್ನು ನಿಮ್ಮ ಹುಡುಗರಿಗೆ ತೋರಿಸಿ. ರತ್ನಾಜಿ ನೇರವಾಗಿ ಕೇಳುತ್ತಾಳೆ, ರಾಮ ನೇರವಾಗಿ ಒಲ್ಲೆನ್ನುತ್ತಾನೆ. ಇಲ್ಲಿ ಮಾತು ಮೂರನೆಯವರ ಬಾಯಲ್ಲಿ ಹೋಗಿ ಬಾಗಿಲ ಸಂದಿಯಿಂದ ವಾಪಸು ಬರುತ್ತದೆ.

ಆಮೇಲೆ ಫೀಡ್ರಾ ನೇಣು ಹಾಕಿಕೊಳ್ಳುತ್ತಾಳೆ. ಊರಿಗೆ ಮರಳಿದ ಥೀಸಿಯಸ್‌ಗೆ ಹೆಂಡತಿಯ ಹೆಣ, ಕೈಗೆ ಕಟ್ಟಿದ ಓಲೆ ಸಿಗುತ್ತವೆ. ಗ್ರೀಕರದು ಮರದ ಹಲಗೆಯ ಓಲೆ. ನಿನ್ನ ಮಗ ನನ್ನನ್ನು ಕೆಡಿಸಿದ ಎಂದು ಅದರಲ್ಲಿದೆ. ಸಮುದ್ರದೇವ ಪೊಸೈಡನ್ ಥೀಸಿಯಸ್‌ಗೆ ಮೂರು ವರ ಕೊಟ್ಟಿದ್ದ, ಅದರಲ್ಲೊಂದನ್ನು ಬಳಸಿ ಅವನು ಮಗನಿಗೆ ಸಾವಿನ ಶಾಪ ಹಾಕುತ್ತಾನೆ, ಜೊತೆಗೆ ಗಡೀಪಾರನ್ನೂ ವಿಧಿಸುತ್ತಾನೆ. ಇಲ್ಲಿ ಗಡಿಯಾರ ನಿಲ್ಲಿಸಿ ನೋಡಿ. ಶಾಪ ಹಾಕುವಾಗ ಮಗ ಇನ್ನೂ ಬಂದೇ ಇಲ್ಲ. ತೀರ್ಪು ಮೊದಲು, ವಿಚಾರಣೆ ಆಮೇಲೆ. ಮಗ ಬಂದು ಮಾಡುವ ವಾದವೆಲ್ಲ ಮುದ್ರೆ ಬಿದ್ದ ಕಾಗದದ ಮೇಲಿನ ವಾದ.

ಈ ಹೊತ್ತಿನಲ್ಲಿ ರಂಗದ ಮೇಲೆ ಯಾರ್ಯಾರಿದ್ದಾರೆ? ಥೀಸಿಯಸ್, ಆಮೇಲೆ ಬಂದ ಹಿಪ್ಪೊಲಿಟಸ್, ಹೆಣವಾದ ಫೀಡ್ರಾ, ಮತ್ತು ಮೇಳದ, ಅಂದರೆ ಗುಂಪಾಗಿ ಹಾಡುವ ಕೋರಸ್ಸಿನ, ಹೆಂಗಸರು. ಓದುವವರು ಸಾಮಾನ್ಯವಾಗಿ ಮರೆಯುವುದು ಈ ಮೇಳವನ್ನು. ಟ್ರೊಯ್ಜೀನ್ ಊರಿನ ಈ ಹೆಂಗಸರಿಗೆ ಮೊದಲಿನಿಂದ ಕೊನೆತನಕ ಎಲ್ಲ ಗೊತ್ತು, ಅವರ ಎದುರಿಗೇ ನಡೆದದ್ದು. ಆದರೆ ಸಾಯುವ ಮೊದಲು ಫೀಡ್ರಾ ಅವರಿಂದಲೂ ಆಣೆ ತೆಗೆದುಕೊಂಡಿದ್ದಾಳೆ. ಥೀಸಿಯಸ್ ಶಾಪ ಹಾಕಿದಾಗ ಅವರು ತಡೆಯಲಾರದೆ, ‘ಈ ಮಾತು ವಾಪಸು ತಗೋ ದೊರೆಯೇ, ತಪ್ಪಾಯಿತೆಂದು ಮುಂದೆ ನಿನಗೇ ತಿಳಿಯುತ್ತದೆ’ ಎಂಬ ಅರ್ಥದ ಒಂದು ಮಾತು ಆಡುತ್ತಾರೆ. ಏಕೆ ಎಂದು ಮಾತ್ರ ಹೇಳುವುದಿಲ್ಲ. ಹಿಪ್ಪೊಲಿಟಸ್‌ನೂ ಒಂದು ಗಳಿಗೆ ‘ದೇವರೇ, ನಾನೇಕೆ ಬಾಯಿ ಬಿಡಬಾರದು’ ಎಂದು ತನ್ನಲ್ಲೇ ಕೇಳಿಕೊಳ್ಳುತ್ತಾನೆ. ಹೇಳಿದರೂ ಅಪ್ಪ ನಂಬುವುದಿಲ್ಲ, ಆಣೆ ಮುರಿದದ್ದೊಂದೇ ಉಳಿಯುತ್ತದೆ ಎಂದುಕೊಂಡು ಬಾಯಿ ಮುಚ್ಚುತ್ತಾನೆ. ಮೊದಲು ದಾದಿಯ ಮುಂದೆ ಸಿಟ್ಟಿನಲ್ಲಿ ‘ಆಣೆ ಮಾಡಿದ್ದು ನಾಲಗೆ, ಮನಸ್ಸಲ್ಲ’ ಎಂದು ಕೂಗಿದವನೂ ಇವನೇ! ಆ ಮಾತು ಆ ಕಾಲದಲ್ಲೇ ನಗೆನಾಟಕದವರಿಗೆ ಗೇಲಿಯ ಸರಕಾಯಿತು. ಕೂಗಿದವನು ಕೊನೆಗೆ ಆಣೆಗೇ ಪ್ರಾಣ ಕೊಟ್ಟದ್ದನ್ನು ಗೇಲಿ ಮಾಡಿದವರು ಮರೆತರು.

ನಿಮ್ಮ ಅಜ್ಜನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೈಚಪ್ಪನ ಜಾಗ ಅಲ್ಲಿ ಖಾಲಿ ಇಲ್ಲ. ಹದಿನೈದು ಜನ ಹೆಂಗಸರು ಆ ಜಾಗದಲ್ಲಿ ನಿಂತಿದ್ದಾರೆ, ಬಾಯಿಗೆ ಬೀಗ ಹಾಕಿಕೊಂಡು. ಬೈಚಪ್ಪ ಅರಸನಿಗೆ ಸುಳ್ಳು ಹೇಳಿ ಮಗನನ್ನು ಉಳಿಸಿದ. ಇವರು ದೇವರ ಆಣೆಯಿಟ್ಟು ಕೊಟ್ಟ ಮಾತು ಉಳಿಸಿ ಮಗನನ್ನು ಕಳೆದರು. ಇದರಲ್ಲಿ ಯಾರದು ದೊಡ್ಡದು ಎಂದು ನನ್ನನ್ನು ಕೇಳಬೇಡಿ. ನಾನು ಬೈಚಪ್ಪನ ಕಡೆ, ಆದರೆ ಬೈಚಪ್ಪ ಇದ್ದ ನಾಟಕದಲ್ಲಿ ಆ ಕಡೆಯ ಕಥೆ ರುದ್ರನಾಟಕವಾಗುವುದಿಲ್ಲ. ಕುಮಾರರಾಮನ ದುರಂತ ಬೇರೆಲ್ಲೋ ಇದೆ: ಕೊಂದೆನೆಂದು ತಿಳಿದ ಮಗ ನೆಲಮನೆಯಿಂದ ಎದ್ದು ಬಂದು, ಕೊಲ್ಲಿಸಲು ಹೊರಟ ಅದೇ ಅಪ್ಪನ ರಾಜ್ಯಕ್ಕಾಗಿ ರಣದಲ್ಲಿ ಸಾಯುವುದರಲ್ಲಿ. ಅದನ್ನು ಯಾರಾದರೂ ನಾಟಕ ಬರೆದರೆ ಎರಡನೆಯ ಬಾಗಿಲು ಅಲ್ಲಿರುತ್ತದೆ.

ಇದೇ ಕಥೆಯ ಇನ್ನೊಂದು ರೂಪ ನಮ್ಮ ಬಳ್ಳಾರಿಯಲ್ಲೇ ರಂಗ ಹತ್ತಿತ್ತು ಎಂಬುದು ನಿಮಗೆ ಗೊತ್ತಿರಬಹುದು. ಇಲ್ಲಿ ವಕೀಲರಾಗಿದ್ದ ಧರ್ಮಾವರಂ ರಾಮಕೃಷ್ಣಮಾಚಾರ್ಯರು 19ನೆಯ ಶತಮಾನದ ಕೊನೆಯಲ್ಲಿ ಬರೆದ ‘ವಿಷಾದ ಸಾರಂಗಧರ’. ತೆಲುಗಿನ ಮೊದಲ ದುರಂತ ನಾಟಕವೆಂದು ಅದಕ್ಕೆ ಹೆಸರು. ಅಲ್ಲಿ ಚೆಂಡಿನ ಬದಲು ಪಾರಿವಾಳ, ರತ್ನಾಜಿಯ ಬದಲು ಚಿತ್ರಾಂಗಿ. ಜನರ ಬಾಯಲ್ಲಿದ್ದ ಸಾರಂಗಧರನ ಕಥೆಯಲ್ಲಿ ಕೈಕಾಲು ಕಡಿಸಿಕೊಂಡವನಿಗೆ ಸಿದ್ಧರೊಬ್ಬರ ಕೃಪೆಯಿಂದ ಕೈಕಾಲು ಮತ್ತೆ ಬರುತ್ತವೆ. ನಾಟಕಕ್ಕೆ ‘ವಿಷಾದ’ ಎಂದು ಹೆಸರಿಟ್ಟಾಗಲೇ ಆಚಾರ್ಯರು ಆ ಬಾಗಿಲಿಗೆ ಅಗುಳಿ ಹಾಕಿದರು. ಮಂಗಳ ಹಾಡಿ ಏಳುವುದೇ ರೂಢಿಯಾಗಿದ್ದ ಜನರ ಮುಂದೆ ಅಷ್ಟು ಧೈರ್ಯ ಮಾಡಿದ್ದು ಸಣ್ಣ ಮಾತಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ಬಳ್ಳಾರಿ ರಾಘವ (1880–1946) ಅವರ ಸೋದರಳಿಯ.

ಹೀಗೆ ಬಾಗಿಲು ಹುಡುಕುವ ಅಭ್ಯಾಸ ಆಯಿತೆಂದರೆ ಬೇರೆ ನಾಟಕಗಳೂ ಬೇರೆಯಾಗಿಯೇ ಕಾಣುತ್ತವೆ. ಸೊಫೊಕ್ಲಿಸನ ‘ಈಡಿಪಸ್’ ಎಂದರೆ ಎಲ್ಲರಿಗೂ ನೆನಪಾಗುವುದು ಅವನು ಕಣ್ಣು ಚುಚ್ಚಿಕೊಳ್ಳುವುದು. ಅದೂ ತೆರೆಯ ಹಿಂದೆಯೇ ನಡೆಯುತ್ತದೆ. ನನಗೆ ಮೈ ಜುಮ್ಮೆನ್ನುವುದು ಅದಕ್ಕಿಂತ ಮುಂಚೆ. ಕೊರಿಂಥದಿಂದ ಬಂದವನು ‘ನಿನ್ನನ್ನು ಕೂಸಾಗಿದ್ದಾಗ ನಾನೇ ಕೊಂಡುಹೋಗಿ ಕೊಟ್ಟೆ’ ಎಂದು ಒಳ್ಳೆಯ ಸುದ್ದಿ ಹೇಳುವ ಉತ್ಸಾಹದಲ್ಲಿ ಹೇಳುತ್ತಿದ್ದಾನೆ. ಈಡಿಪಸ್ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಜೊಕಾಸ್ಟ ನಿಂತಿದ್ದಾಳೆ, ಅವನನ್ನು ಹೆತ್ತವಳೂ ಅವಳೇ. ಅವಳಿಗೆ ಅವನಿಗಿಂತ ಮೊದಲೇ ಎಲ್ಲ ತಿಳಿದುಹೋಯಿತು. ಎಷ್ಟೋ ಸಾಲುಗಳವರೆಗೆ ಅವಳಿಗೆ ಮಾತೇ ಇಲ್ಲ. ಅಚ್ಚಿನ ಪುಟದಲ್ಲಿ ಅವಳು ಕಾಣುವುದೇ ಇಲ್ಲ, ರಂಗದ ಮೇಲೆ ಅವಳನ್ನು ಬಿಟ್ಟು ಬೇರೇನೂ ಕಾಣಬಾರದು. ‘ಇನ್ನು ಕೇಳಬೇಡ’ ಎಂದು ಬೇಡಿಕೊಂಡು ಒಳಗೆ ಹೋಗುತ್ತಾಳೆ. ಅರಿಸ್ಟಾಟಲ್ ಈ ನಾಟಕವನ್ನು ಮೆಚ್ಚಿದ್ದೂ ಇದಕ್ಕೇ, ಗತಿ ತಿರುಗುವುದೂ ನಿಜ ತಿಳಿಯುವುದೂ ಒಂದೇ ಏಟಿಗೆ ಆಗುವುದಕ್ಕೆ. ಪುಸ್ತಕ ಓದುವಾಗ ಇದೊಂದು ತೊಂದರೆ, ತಾಯಿ: ಸುಮ್ಮನಿರುವವರನ್ನು ಅಚ್ಚು ತೋರಿಸುವುದಿಲ್ಲ. ಅದಕ್ಕೇ ಪ್ರತಿ ದೃಶ್ಯದ ಮೇಲೆ ಪೆನ್ಸಿಲ್‌ನಲ್ಲಿ, ಈಗ ರಂಗದ ಮೇಲೆ ಇರುವವರ ಹೆಸರು, ಅವರಲ್ಲಿ ಯಾರಿಗೆ ಏನು ಗೊತ್ತು, ಇಷ್ಟು ಬರೆಸಿ.

ಷೇಕ್ಸ್‌ಪಿಯರನ ‘ಒಥೆಲೊ’ದಲ್ಲಿ ಹುಡುಗರು ಕೊನೆಯ ಹಾಸಿಗೆಯ ದೃಶ್ಯಕ್ಕೆ ಓಡುತ್ತಾರೆ. ನೀವು ಮೂರನೆಯ ಅಂಕದ ನಾಲ್ಕನೆಯ ದೃಶ್ಯಕ್ಕೆ ಕರೆದುಕೊಂಡು ಹೋಗಿ. ಹಿಂದಿನ ದೃಶ್ಯದಲ್ಲಿ ಒಥೆಲೊ ಹೆಂಡತಿ ಡೆಸ್ಡಿಮೋನಾಗೆ ಕೊಟ್ಟಿದ್ದ ಕರವಸ್ತ್ರ ಬಿದ್ದಿದೆ, ಅವಳ ಸಖಿ ಎಮಿಲಿಯಾ ಅದನ್ನು ಎತ್ತಿ, ಹೆಂಡತಿಯ ಮೇಲೆ ಒಥೆಲೊಗೆ ಸಂಶಯ ತುಂಬುತ್ತಿರುವ ತನ್ನ ಗಂಡ ಇಯಾಗೊನಿಗೆ ಕೊಟ್ಟಿದ್ದಾಳೆ. ಈಗ ಡೆಸ್ಡಿಮೋನಾ ‘ಎಲ್ಲಿ ಬೀಳಿಸಿಕೊಂಡೆನೋ’ ಎಂದು ಅವಳನ್ನೇ ಕೇಳುತ್ತಾಳೆ. ಎಮಿಲಿಯಾ ‘ಗೊತ್ತಿಲ್ಲಮ್ಮ’ ಅನ್ನುತ್ತಾಳೆ. ಒಥೆಲೊ ಬಂದು ಕರವಸ್ತ್ರ ತೋರಿಸು ಎಂದು ಗುಡುಗುವಾಗಲೂ ಅವಳು ಅಲ್ಲೇ ಇದ್ದಾಳೆ. ಒಂದು ಮಾತು ಸಾಕಿತ್ತು. ಆ ಮಾತನ್ನು ಅವಳು ಐದನೆಯ ಅಂಕದಲ್ಲಿ ಆಡುತ್ತಾಳೆ, ಹೆಣದ ಮುಂದೆ.

ಫ್ರೆಂಚರ ರಾಸಿನ್ 1677ರಲ್ಲಿ ಈ ಹಿಪ್ಪೊಲಿಟಸ್ ಕಥೆಯನ್ನೇ ತೆಗೆದುಕೊಂಡು ‘ಫೆದ್ರ್’ ಬರೆದ. ಬಾಗಿಲ ಲೆಕ್ಕ ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ. ಅವನ ನಾಟಕದಲ್ಲಿ ದೂರು ಹೇಳುವವಳು ದಾದಿ. ನಾಲ್ಕನೆಯ ಅಂಕದಲ್ಲಿ ರಾಣಿ ಪಶ್ಚಾತ್ತಾಪದಿಂದ ಮಗನನ್ನು ಉಳಿಸಬೇಕೆಂದೇ ಗಂಡನ ಬಳಿ ಬರುತ್ತಾಳೆ. ನಿಜ ನಾಲಗೆಯ ತುದಿಯಲ್ಲಿದೆ. ಅಷ್ಟರಲ್ಲಿ ಗಂಡ, ‘ಅವನಿಗೆ ಬೇರೊಬ್ಬ ಹುಡುಗಿಯ ಮೇಲೆ ಪ್ರೀತಿಯಂತೆ’ ಅಂದುಬಿಡುತ್ತಾನೆ. ಹೊಟ್ಟೆಕಿಚ್ಚಿಗೆ ಅವಳ ಬಾಯಿ ಕಟ್ಟಿಹೋಗುತ್ತದೆ. ಬಾಗಿಲು ಅರ್ಧ ತೆರೆದು ಕಣ್ಣೆದುರೇ ಮುಚ್ಚಿಕೊಂಡಿತು. ಇದಕ್ಕಿಂತ ಕ್ರೂರವಾದ ದೃಶ್ಯ ನಾನು ಓದಿಲ್ಲ, ಅದರಲ್ಲಿ ಒಂದು ಹನಿ ರಕ್ತವೂ ಇಲ್ಲ.

‘ಮ್ಯಾಕ್‌ಬೆತ್’ ಬಗ್ಗೆ ಒಂದೇ ಮಾತು. ಅರಸನ ಕೊಲೆಯಾದ ಕೂಡಲೇ ಕೇಳಿಸುತ್ತದಲ್ಲ, ಕೋಟೆಯ ಬಾಗಿಲು ಬಡಿಯುವ ಸದ್ದು, ಅಲ್ಲಿ ಬಾಗಿಲು ನಿಜವಾದ ಬಾಗಿಲೇ. ತೆರೆಯಲು ಬರುವವನು ಕುಡಿದ ಕಾವಲುಗಾರ, ನಗಿಸುತ್ತಾನೆ. ದೊಡ್ಡಾಟದಲ್ಲಿ ಶೋಕದ ಬೆನ್ನಿಗೇ ಸಾರಥಿ ಬಂದು ನಗಿಸುವುದನ್ನು ನೋಡಿ ಬೆಳೆದ ನಮಗೆ ಅದು ಹೊಸದೇನಲ್ಲ. ಹೊಸದೆನಿಸಿದ್ದು ಪುಸ್ತಕದಲ್ಲಿ ಓದಿದವರಿಗೆ.

ಇನ್ನು ಆ ‘ವರದಿ ಒಪ್ಪಿಸುವ ಆಳು’. ಅವನ ಮೇಲೆ ನಿಮಗೂ ಹುಡುಗರಿಗೂ ಇರುವ ಬೇಸರ ನನಗೆ ಅರ್ಥವಾಗುತ್ತದೆ. ಗ್ರೀಕ್ ರಂಗದಲ್ಲಿ ಮಾತಾಡುವ ನಟರು ಮೂವರೇ, ಮುಖವಾಡ ಬದಲಿಸಿ ಎಲ್ಲ ಪಾತ್ರ ಅವರೇ ಮಾಡಬೇಕು. ಕಡಲಿನಿಂದ ಗೂಳಿ ಎದ್ದು ಬರುವುದನ್ನು, ಕುದುರೆ ಬೆದರುವುದನ್ನು, ಲಗಾಮಿಗೆ ಸಿಕ್ಕಿಕೊಂಡವನು ಬಂಡೆಗೆ ಬಡಿಸಿಕೊಂಡು ಹೋಗುವುದನ್ನು ಅವರು ತೋರಿಸುವುದಾದರೂ ಹೇಗೆ? ಆದರೆ ಇದು ಬಡತನದ ಉಪಾಯ ಮಾತ್ರ ಅಲ್ಲ. ಈಸ್ಕಿಲಸನ ‘ಪರ್ಷಿಯನ್ನರು’ ನಾಟಕ ಪೂರ್ತಿ ನಿಂತಿರುವುದು ದೂತನೊಬ್ಬ ರಾಣಿಯ ಮುಂದೆ ಸೋಲಿನ ಸುದ್ದಿ ಹೇಳುವುದರ ಮೇಲೆ. ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ, ಗಟ್ಟಿಯಾಗಿ ಓದಿಸಿ ನೋಡಿ. ಅವರ ‘ಅಶ್ವತ್ಥಾಮನ್’ ಕೂಡ ಕೈಗೆ ಸಿಕ್ಕರೆ ಬಿಡಬೇಡಿ. ಅದು ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ನಮ್ಮ ಭಾರತಕ್ಕೆ ಹೊಂದಿಸಿದ್ದು.

ದೂತನ ದೃಶ್ಯದ ಗುಟ್ಟು ಹೇಳುವವನಲ್ಲಿಲ್ಲ, ಕೇಳುವವನ ಮುಖದಲ್ಲಿದೆ. ಮಗ ಸಾಯುವ ಸ್ಥಿತಿಯಲ್ಲಿದ್ದಾನೆ ಎಂದಾಗ ಥೀಸಿಯಸ್ ಮೊದಲು ಕೇಳುವುದು ಏನು ಗೊತ್ತೇ? ಯಾರ ಹೆಂಡತಿಯನ್ನು ಕೆಡಿಸಲು ಹೋಗಿ ಸಿಕ್ಕಿಬಿದ್ದ ಎಂಬ ಅರ್ಥದ ವ್ಯಂಗ್ಯದ ಮಾತು. ಆಮೇಲೆ ದೂತ ಪೂರ್ತಿ ಹೇಳುತ್ತಾನೆ. ಮುಗಿಸುವಾಗ, ‘ಲೋಕದ ಹೆಂಗಸರೆಲ್ಲ ನೇಣು ಹಾಕಿಕೊಂಡು, ಇಡಾ ಬೆಟ್ಟದ ಮರಗಳ ಮೇಲೆಲ್ಲ ದೂರು ಬರೆದಿಟ್ಟರೂ ನಿನ್ನ ಮಗ ಕೆಟ್ಟವನೆಂದು ನಾನು ನಂಬಲಾರೆ’ ಎಂದು ದೊರೆಯ ಮುಖಕ್ಕೇ ಹೇಳುತ್ತಾನೆ. ಒಬ್ಬ ಆಳು! ಇಷ್ಟು ಜನರಲ್ಲಿ ಬಾಯಿ ಬಿಟ್ಟವನು ಇವನೊಬ್ಬ, ಅವನಿಗೆ ನಿಜ ಗೊತ್ತಿಲ್ಲ, ಹೊತ್ತೂ ಮೀರಿದೆ. ಗೊತ್ತಿದ್ದವರು ಸುಮ್ಮನಿದ್ದರು. ಎಲ್ಲ ಕೇಳಿದ ಮೇಲೆ ಥೀಸಿಯಸ್ ತನಗೆ ಸಂತೋಷವೂ ಇಲ್ಲ, ದುಃಖವೂ ಇಲ್ಲ ಎನ್ನುತ್ತಾನೆ. ಆರ್ಟೆಮಿಸ್ ದೇವಿ ಬಂದು ನಿಜ ತಿಳಿಸುವುದು ಅದಾದ ಮೇಲೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಇದೇ ದೃಶ್ಯವನ್ನು ಆಡಿಸಿದ್ದೆ. ದೂತನ ಮಾತು ಉದ್ದವಾಯಿತೆಂಬ ಹೆದರಿಕೆಗೆ ಹಿಂದೆ ಹಾರ್ಮೋನಿಯಂ ಬಾರಿಸಲು ಹಚ್ಚಿದೆ. ಥೀಸಿಯಸ್ ಪಾರ್ಟಿನ ಹುಡುಗನಿಗೆ ಎದೆ ಬಡಿದುಕೊಂಡು ಅಳಲು ಹೇಳಿದೆ. ಹಾರ್ಮೋನಿಯಂ ಕೇಳಿದ ಕೂಡಲೇ ನಮ್ಮ ಜನಕ್ಕೆ ಹಾಡು ಬರುತ್ತದೆಂಬ ಆಸೆ. ಹಾಡು ಬರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಸಿಳ್ಳೆ ಹೊಡೆದ, ಇನ್ನೊಬ್ಬ ‘ಒನ್ಸ್ ಮೋರ್’ ಅಂದ. ಕಂಪನಿ ನಾಟಕದಲ್ಲಿ ಸತ್ತ ನಾಯಕ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಸಾಯುತ್ತಿದ್ದ ಕಾಲವನ್ನು ನೋಡಿದವರು ಅವರು, ಅವರ ತಪ್ಪೇನಿಲ್ಲ. ಅಳುವ ಥೀಸಿಯಸ್‌ನನ್ನು ನೋಡಿದ ಜನಕ್ಕೆ ತಾವು ಅಳುವ ಕೆಲಸ ಉಳಿದಿರಲಿಲ್ಲ. ಮರುದಿನ ಬೇರೆ ಊರಿನಲ್ಲಿ ಹಾರ್ಮೋನಿಯಂ ತೆಗೆಸಿದೆ, ಹುಡುಗನಿಗೆ ‘ಏನೂ ಮಾಡಬೇಡ, ಕೇಳು’ ಅಂದೆ. ಸಿಳ್ಳೆ ಬರಲಿಲ್ಲ.

ನಿಮ್ಮ ಅರ್ಧ ಗಂಟೆಗೆ ಹೀಗೆ ಮಾಡಿ. ಮೊದಲನೆಯದು ಓಲೆಯ ದೃಶ್ಯ: ಥೀಸಿಯಸ್ ಓದುವುದು, ಶಾಪ, ಮಗನ ವಾದ, ಗಡೀಪಾರು. ಹದಿನಾರು ಹದಿನೇಳು ನಿಮಿಷ ಬೇಕಾಗುತ್ತದೆ, ವಾದದ ಮಾತು ಧಾರಾಳವಾಗಿ ಕಡಿತ ಮಾಡಿ, ಆದರೆ ‘ನಾನೇಕೆ ಬಾಯಿ ಬಿಡಬಾರದು’ ಎಂಬ ಸಾಲು ಮುಟ್ಟಬೇಡಿ. ಎರಡನೆಯದು ದೂತನದು, ಹನ್ನೆರಡು ನಿಮಿಷ. ಆರ್ಟೆಮಿಸ್ ಬರುವ ಮುಂಚೆ ದೀಪ ಆರಿಸಿ. ಕುದುರೆಯ ಆಸೆ ಬಿಡದ ಹುಡುಗ ಯಾರಿದ್ದಾನೋ ಅವನಿಗೇ ದೂತನ ಪಾರ್ಟು ಕೊಡಿ, ಅವನ ಕುದುರೆ ಅವನಿಗೆ ಸಿಕ್ಕಂತಾಯಿತು.

ಮೇಳಕ್ಕೆ ಹದಿನೈದು ಹುಡುಗಿಯರು ಬೇಡ, ಐದು ಸಾಕು. ಅವರನ್ನು ಮೂಲೆಯಲ್ಲಿ ಸಾಲಾಗಿ ನಿಲ್ಲಿಸುವ ರೂಢಿ ಇದೆ, ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪ ಮಗನ ನಡುವೆ ಕೂರಿಸಿ. ಇಬ್ಬರೂ ಅವರ ತಲೆಯ ಮೇಲಿಂದ ಜಗಳ ಆಡಲಿ. ಓಲೆ ಕೊನೆತನಕ ಥೀಸಿಯಸ್‌ನ ಕೈಯಲ್ಲೇ ಇರಲಿ, ದೂತ ಮಾತು ಮುಗಿಸಿದಾಗ ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತೋಚಬಾರದು. ಅಜ್ಜನವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹಿಪ್ಪೊಲಿಟಸ್ ಹೊರಟು ನಿಂತಾಗ ಆ ಐದು ಹುಡುಗಿಯರನ್ನು ನೋಡಿ ಅವರು ಏನಂದರೆಂದು ನನಗೆ ಬರೆದು ತಿಳಿಸಿ.